ಒಂದು ಕ್ಲಿಕ್ಕಿನ ಬೆನ್ನು ಹತ್ತಿ: ಜ್ಯಾಂಗೋ ಒಳಗೆ ರಿಕ್ವೆಸ್ಟ್‌ನ ಹೋಗುಬರವು

ಹಿಂಬಾಲಿಸಲು ಆರಿಸಿಕೊಂಡದ್ದು ಸಭಾಂಗಣದ ಸೀಟು ಕಾಯ್ದಿರಿಸುವ ಸಣ್ಣ ಅಪ್ಲಿಕೇಶನ್. ಬರೆದಿರುವುದು ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜ್ಯಾಂಗೋದಲ್ಲಿ, ಮುಂದೆ ಬ್ರೌಸರಿನ ಕೋರಿಕೆಯನ್ನು, ಅಂದರೆ ರಿಕ್ವೆಸ್ಟನ್ನು, ಮೊದಲು ಎದುರುಗೊಳ್ಳುವ ವೆಬ್ ಸರ್ವರ್ ಎಂಜಿನ್‌ಎಕ್ಸ್, ನಡುವೆ ಜ್ಯಾಂಗೋವನ್ನು ನಡೆಸುವ ಗುನಿಕಾರ್ನ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬಳಕೆದಾರರು ಲಾಗಿನ್ ಆಗಿ, ಸೀಟು ಆರಿಸಿ, ‘ಕಾಯ್ದಿರಿಸಿ’ ಎಂಬ ಬಟನ್ ಒತ್ತುತ್ತಾರೆ. ಅದರ ಹಿಂದಿರುವ ವ್ಯೂ ಫಂಕ್ಷನ್ (ರಿಕ್ವೆಸ್ಟ್ ಪಡೆದು ಉತ್ತರ ಕಟ್ಟುವ ಕೋಡ್) ಇಪ್ಪತ್ತು ಸಾಲೂ ಇಲ್ಲ. ದೂರುಗಳು ಮಾತ್ರ ತರಹೇವಾರಿ: ಒಮ್ಮೊಮ್ಮೆ 403 (ಅನುಮತಿ ಇಲ್ಲ ಎಂಬ ಸ್ಟೇಟಸ್ ಕೋಡ್), ಲಾಗಿನ್ ಆದ ಮರುಕ್ಷಣ ಮತ್ತೆ ಲಾಗಿನ್ ಪುಟ, ಆರಿಸಿಟ್ಟ ಸೀಟು ಮಾಯ, ಒಂದೇ ಸೀಟಿಗೆ ಇಬ್ಬರ ಹೆಸರು. ವ್ಯೂವನ್ನು ಎಷ್ಟು ಸಲ ತಿರುವಿಹಾಕಿದರೂ ಇವುಗಳಲ್ಲಿ ಮೊದಲ ಮೂರಕ್ಕೆ ಕಾರಣ ಅಲ್ಲಿ ಸಿಗುವುದಿಲ್ಲ. ಅವು ಹುಟ್ಟುವುದು ವ್ಯೂಗೆ ಮುಂಚೆ ಅಥವಾ ವ್ಯೂ ಮುಗಿದ ಮೇಲೆ. ಹಾಗಾಗಿ ಒಂದೇ ಒಂದು ಕ್ಲಿಕ್ಕನ್ನು ಹಿಡಿದುಕೊಂಡು ಬ್ರೌಸರಿನಿಂದ ಡೇಟಾಬೇಸಿನವರೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುವುದೇ ಸರಿಯಾದ ಕ್ರಮ.

ಹೊರಡುವ ಮುಂಚೆ ಮೂರು ಸಿದ್ಧತೆ. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬಿನಲ್ಲಿ ‘ಲಾಗ್ ಉಳಿಸಿಕೊ’ ಎಂಬ ಆಯ್ಕೆಗೆ ಟಿಕ್ ಹಾಕಬೇಕು. ಇಲ್ಲದಿದ್ದರೆ ರೀಡೈರೆಕ್ಟ್ ಆದ ಕೂಡಲೇ ಹಿಂದಿನ ಪೋಸ್ಟ್ ರಿಕ್ವೆಸ್ಟ್ (ಫಾರ್ಮಿನ ಮಾಹಿತಿ ಹೊತ್ತು ಹೋಗುವಂಥದ್ದು) ಪಟ್ಟಿಯಿಂದ ಅಳಿಸಿಹೋಗುತ್ತದೆ. ಜ್ಯಾಂಗೋದ ಡೇಟಾಬೇಸ್ ಲಾಗರನ್ನು ಡೀಬಗ್ ಮಟ್ಟಕ್ಕೆ ಇಳಿಸಿದರೆ ಪ್ರತಿ ಎಸ್‌ಕ್ಯೂಎಲ್ ಕ್ವೆರಿಯೂ ಕಣ್ಣಿಗೆ ಬೀಳುತ್ತದೆ. ಡೀಬಗ್ ಸೆಟ್ಟಿಂಗ್ ಆನ್ ಇದ್ದರೆ ಮಾತ್ರ ಇದು ಕೆಲಸ ಮಾಡುವುದು. ಮೂರನೆಯದು, ಎಲ್ಲಕ್ಕಿಂತ ಹೊರಗೆ, ಅಂದರೆ ಮಿಡಲ್‌ವೇರ್ (ವ್ಯೂಗೆ ಹೋಗುವಾಗ, ಬರುವಾಗ ರಿಕ್ವೆಸ್ಟ್ ಹಾದುಹೋಗುವ ಪದರ) ಪಟ್ಟಿಯ ಮೊದಲ ಸಾಲಿನಲ್ಲಿ, ಐದಾರು ಸಾಲಿನ ನಮ್ಮದೇ ಮಿಡಲ್‌ವೇರ್: ಉತ್ತರ ಮರಳಿದ ಮೇಲೆ ವಿಳಾಸ, ಸ್ಟೇಟಸ್ ಕೋಡ್, ಪ್ರೋಸೆಸ್ ಸಂಖ್ಯೆ, ಸೆಷನ್ ಕೀ, ಸೆಷನ್ನಿನ ‘ಆಕ್ಸೆಸ್ಡ್’ ಮತ್ತು ‘ಮಾಡಿಫೈಡ್’ ಎಂಬ ಎರಡು ಬಾವುಟಗಳನ್ನು ಮುದ್ರಿಸಿದರೆ ಸಾಕು. ಸೆಷನ್ ಎಂದರೆ ಒಂದು ರಿಕ್ವೆಸ್ಟ್‌ನಿಂದ ಇನ್ನೊಂದಕ್ಕೆ ಒಬ್ಬ ಬಳಕೆದಾರರ ಬಗ್ಗೆ ಸರ್ವರ್ ನೆನಪಿಟ್ಟುಕೊಳ್ಳುವ ಮಾಹಿತಿ. ಅದನ್ನು ಮುಟ್ಟಲಾಯಿತೇ, ಬದಲಿಸಲಾಯಿತೇ ಎಂದು ಈ ಬಾವುಟಗಳು ಹೇಳುತ್ತವೆ. ಸೆಷನ್ನಿನ ಒಳಗಿನ ಮಾಹಿತಿಯನ್ನೇ ಮುದ್ರಿಸಲು ಹೋಗಬೇಡಿ. ಹಾಗೆ ಓದುವುದೇ ಅದನ್ನು ಡೇಟಾಬೇಸಿನಿಂದ ಎಳೆದು ತರುತ್ತದೆ. ನೋಡಲು ಹೋದದ್ದನ್ನೇ ಬದಲಾಯಿಸಿದಂತಾಗುತ್ತದೆ.

ಇನ್ನೊಂದು: ಜ್ಯಾಂಗೋ ಜೊತೆಗೇ ಬರುವ ರನ್‌ಸರ್ವರ್‌ನಲ್ಲಿ ಈ ಪರೀಕ್ಷೆ ಮಾಡಿದರೆ ಅರ್ಧ ದೋಷಗಳು ತಲೆಯನ್ನೇ ಎತ್ತುವುದಿಲ್ಲ. ಅಲ್ಲಿ ಎಲ್ಲ ರಿಕ್ವೆಸ್ಟ್‌ಗೂ ಉತ್ತರ ಕೊಡುವುದು ಒಂದೇ ಪ್ರೋಸೆಸ್. ಗುನಿಕಾರ್ನ್ ಕೂಡ ಏನೂ ಹೇಳದಿದ್ದರೆ ಒಂದೇ ವರ್ಕರ್ (ರಿಕ್ವೆಸ್ಟ್‌ಗೆ ಉತ್ತರಿಸುವ ಪ್ರೋಸೆಸ್) ಹುಟ್ಟುಹಾಕುತ್ತದೆ. ಕನಿಷ್ಠ ಮೂರು ವರ್ಕರ್ ಕೊಟ್ಟು ನಡೆಸಿ.

ಹೊರಬಾಗಿಲು

ಬಟನ್ ಒತ್ತಿದಾಗ ಹೊರಡುವ ಪೋಸ್ಟ್ ರಿಕ್ವೆಸ್ಟ್ ಮೊದಲು ಮುಟ್ಟುವುದು ಎಂಜಿನ್‌ಎಕ್ಸ್ ಅನ್ನು. ಇಲ್ಲೇ ತಿರಸ್ಕಾರಗೊಂಡ ರಿಕ್ವೆಸ್ಟ್ ಜ್ಯಾಂಗೋದ ಲಾಗ್‌ನಲ್ಲಿ ಕಾಣುವುದೇ ಇಲ್ಲ, ಅದನ್ನು ಅಲ್ಲಿ ಹುಡುಕುವುದು ದಂಡ. ಎಂಜಿನ್‌ಎಕ್ಸ್ ಸುಮ್ಮನೆ ಬಿಟ್ಟರೆ ಒಪ್ಪುವ ಬಾಡಿ ಗಾತ್ರ 1 ಎಂಬಿ. ಗುರುತಿನ ಚೀಟಿಯ ಫೋಟೊ ಸೇರಿಸಿದ ಫಾರ್ಮ್ 413 ಕೊಟ್ಟರೆ ಕಾರಣ ಇದೇ. ಜ್ಯಾಂಗೋಗೆ ತನ್ನದೇ ಬೇರೆ ಮಿತಿ ಇದೆ: ಫೈಲ್ ಬಿಟ್ಟು ಉಳಿದ ಫಾರ್ಮ್ ಮಾಹಿತಿಗೆ 26,21,440 ಬೈಟ್, ಅಂದರೆ 2.5 ಎಂಬಿ, ಜೊತೆಗೆ 1,000 ಫೀಲ್ಡ್. ಅಪ್‌ಲೋಡ್ ಆದ ಫೈಲ್ 2.5 ಎಂಬಿ ದಾಟಿದರೆ ತಿರಸ್ಕಾರವಿಲ್ಲ, ಮೆಮೊರಿ ಬಿಟ್ಟು ತಾತ್ಕಾಲಿಕ ಫೈಲಿಗೆ ಹೋಗುತ್ತದೆ ಅಷ್ಟೆ.

502 ಮತ್ತು 504 ಎರಡನ್ನೂ ಒಂದೇ ಗಂಟಿಗೆ ಕಟ್ಟುವವರು ಬಹಳ. ಗುನಿಕಾರ್ನ್ ವರ್ಕರ್ 30 ಸೆಕೆಂಡ್ ಸುಮ್ಮನಿದ್ದರೆ ಮಾಸ್ಟರ್ ಪ್ರೋಸೆಸ್ ಅದನ್ನು ಕೊಲ್ಲುತ್ತದೆ, ಸಂಪರ್ಕ ಕಡಿದುಹೋದದ್ದನ್ನು ಕಂಡ ಎಂಜಿನ್‌ಎಕ್ಸ್ 502 ಕೊಡುತ್ತದೆ. ಎಂಜಿನ್‌ಎಕ್ಸ್ ತಾನೇ ಕಾದು ಬೇಸತ್ತರೆ 504. ಅದರ ತಾಳ್ಮೆ 60 ಸೆಕೆಂಡ್. ಎರಡನ್ನೂ ಮುಟ್ಟದೆ ಬಿಟ್ಟ ವ್ಯವಸ್ಥೆಯಲ್ಲಿ 30 ಮೊದಲು ಬರುವುದರಿಂದ, ನಿಧಾನವಾದ ವ್ಯೂ ಸಾಮಾನ್ಯವಾಗಿ 502 ಆಗಿಯೇ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಬಿಡಲೇಬಾರದ ಎರಡು ಹೆಡರುಗಳಿವೆ (ಹೆಡರ್ ಎಂದರೆ ರಿಕ್ವೆಸ್ಟ್‌ನ ತಲೆಯಲ್ಲಿ ಹೋಗುವ ವಿವರದ ಸಾಲು). ಒಂದು ಹೋಸ್ಟ್. ಎಂಜಿನ್‌ಎಕ್ಸ್‌ಗೆ ಸ್ಪಷ್ಟವಾಗಿ ಹೇಳದಿದ್ದರೆ ಅದು ಬ್ರೌಸರ್ ಕಳಿಸಿದ ಹೋಸ್ಟ್ ಹೆಸರಿನ ಬದಲು ತಾನು ಸಂಪರ್ಕಿಸುತ್ತಿರುವ ಒಳಗಿನ ಸರ್ವರಿನ ಹೆಸರನ್ನು ಹಾಕಿ ಕಳಿಸುತ್ತದೆ. ‘ಅಲೋಡ್ ಹೋಸ್ಟ್ಸ್’ ಪಟ್ಟಿಯಲ್ಲಿ ಅದು ಇಲ್ಲವಾದ್ದರಿಂದ ಜ್ಯಾಂಗೋ 400, ಅಂದರೆ ತಪ್ಪು ರಿಕ್ವೆಸ್ಟ್, ಎನ್ನುತ್ತದೆ. ಸಿಟ್ಟಿಗೆ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಪಾಸ್‌ವರ್ಡ್ ಮರುಹೊಂದಿಸುವ ಮೇಲ್‌ನಲ್ಲಿ ಹೋಗುವ ಲಿಂಕ್ ಕೂಡ ಇದೇ ಹೋಸ್ಟ್ ಹೆಸರಿನಿಂದ ತಯಾರಾಗಬಹುದು ಎಂಬುದು ನೆನಪಿರಲಿ. ಎರಡನೆಯದು, ಮೂಲ ಸಂಪರ್ಕ ಎಚ್‌ಟಿಟಿಪಿಎಸ್ ಆಗಿತ್ತೇ ಎಂದು ಹೇಳುವ ಹೆಡರ್. ಎನ್‌ಕ್ರಿಪ್ಷನ್ ಎಂಜಿನ್‌ಎಕ್ಸ್‌ನಲ್ಲೇ ಮುಗಿದು, ಅಲ್ಲಿಂದ ಒಳಗೆ ಬರೀ ಎಚ್‌ಟಿಟಿಪಿ ಹರಿಯುತ್ತದೆ. ಈ ಹೆಡರನ್ನು ನಂಬು ಎಂದು ಜ್ಯಾಂಗೋಗೆ ಹೇಳಿರದಿದ್ದರೆ ಎರಡು ಕಡೆ ಪೆಟ್ಟು ಬೀಳುತ್ತದೆ. ‘ಎಸ್‌ಎಸ್‌ಎಲ್ ರೀಡೈರೆಕ್ಟ್’ ಆನ್ ಇದ್ದರೆ ಪುಟ ತನ್ನತ್ತಲೇ ಕೊನೆಯಿಲ್ಲದೆ ರೀಡೈರೆಕ್ಟ್ ಆಗುತ್ತದೆ. ಅದು ಕಣ್ಣಿಗೆ ರಾಚುವ ದೋಷ, ಬೇಗ ಸಿಗುತ್ತದೆ. ಇನ್ನೊಂದು ಅಡಗಿಕೊಂಡಿರುವುದು ಸಿಎಸ್‌ಆರ್‌ಎಫ್ ತಪಾಸಣೆಯಲ್ಲಿ (ಫಾರ್ಮ್ ನಮ್ಮದೇ ಪುಟದಿಂದ ಬಂದದ್ದೇ ಎಂದು ನೋಡುವುದು), ಅಲ್ಲಿಗೆ ಹೋದಾಗ ನೋಡೋಣ.

ಮಿಡಲ್‌ವೇರ್ ಸಾಲು

ಗುನಿಕಾರ್ನ್ ರಿಕ್ವೆಸ್ಟನ್ನು ಒಂದು ಪೈಥಾನ್ ಡಿಕ್ಷನರಿಯಾಗಿ ಒಪ್ಪಿಸುತ್ತದೆ. ಜ್ಯಾಂಗೋ ಅದರಿಂದ ರಿಕ್ವೆಸ್ಟ್ ಆಬ್ಜೆಕ್ಟ್ ಕಟ್ಟುತ್ತದೆ, ಆದರೆ ಫಾರ್ಮಿನ ಬಾಡಿಯನ್ನು ಆಗಲೇ ಬಿಡಿಸುವುದಿಲ್ಲ, ಯಾರಾದರೂ ‘ರಿಕ್ವೆಸ್ಟ್.ಪೋಸ್ಟ್’ ಎಂದು ಕೇಳಿದಾಗಲೇ ಆ ಕೆಲಸ. ಮುಂದೆ ಏಳು ಮಿಡಲ್‌ವೇರ್‌ಗಳ ಸಾಲು. ಹೊಸ ಪ್ರಾಜೆಕ್ಟ್ ಶುರುಮಾಡಿದಾಗ ತಾನೇ ಬರುವ ಕ್ರಮ ಇದು: ಸೆಕ್ಯುರಿಟಿ, ಸೆಷನ್, ಕಾಮನ್, ಸಿಎಸ್‌ಆರ್‌ಎಫ್, ಅಥೆಂಟಿಕೇಶನ್, ಮೆಸೇಜಸ್, ಕ್ಲಿಕ್‌ಜ್ಯಾಕಿಂಗ್ ತಡೆ. ಹೋಗುವಾಗ ಮೇಲಿಂದ ಕೆಳಕ್ಕೆ, ಬರುವಾಗ ಕೆಳಗಿಂದ ಮೇಲಕ್ಕೆ. ನಡುವೆ ಯಾವುದಾದರೂ ಒಂದು ತಾನೇ ಉತ್ತರ ಕೊಟ್ಟುಬಿಟ್ಟರೆ ಅದರ ಕೆಳಗಿನವುಗಳಿಗೆ ರಿಕ್ವೆಸ್ಟ್ ಬಂದದ್ದೇ ಗೊತ್ತಾಗುವುದಿಲ್ಲ. ಅಥೆಂಟಿಕೇಶನ್ನನ್ನು ಸೆಷನ್ನಿನ ಮೇಲಿಟ್ಟರೆ ಜ್ಯಾಂಗೋ ಬೈದು ಹೇಳುತ್ತದೆ. ಸ್ವಂತ ಮಿಡಲ್‌ವೇರ್‌ಗಳ ಸ್ಥಾನ ತಪ್ಪಿದರೆ ಮಾತ್ರ ಬೈಯುವವರಿಲ್ಲ.

ಕಾಮನ್ ಮಿಡಲ್‌ವೇರ್ ಮಾಡುವ ಒಂದು ಉಪಕಾರ ಇಲ್ಲಿ ಅಪಕಾರವಾಗುತ್ತದೆ. ವಿಳಾಸದ ಕೊನೆಯ ಓರೆಗೆರೆ ಬಿಟ್ಟುಹೋಗಿ 404 ಆಗುವಂತಿದ್ದರೆ, ಓರೆಗೆರೆ ಸೇರಿಸಿ ಅದು 301 ರೀಡೈರೆಕ್ಟ್ ಕಳಿಸುತ್ತದೆ. ಪುಟ ನೋಡಲು ಬಂದವರಿಗೆ ಅನುಕೂಲವೇ. ಪೋಸ್ಟ್‌ಗೆ ಮಾತ್ರ ಅನಾಹುತ: 301 ಕಂಡ ಬ್ರೌಸರ್ ಹೊಸ ವಿಳಾಸಕ್ಕೆ ಗೆಟ್ (ಪುಟ ಕೇಳುವ ಬರೀ ರಿಕ್ವೆಸ್ಟ್) ಆಗಿ ಹೋಗುತ್ತದೆ, ಫಾರ್ಮಿನ ಮಾಹಿತಿ ದಾರಿಯಲ್ಲೇ ಬಿದ್ದುಹೋಗುತ್ತದೆ. ಡೀಬಗ್ ಆನ್ ಇದ್ದಾಗ ಜ್ಯಾಂಗೋ ದೊಡ್ಡ ದನಿಯಲ್ಲಿ ಎರರ್ ಎಸೆದು ಎಚ್ಚರಿಸುತ್ತದೆ, ಪ್ರೊಡಕ್ಷನ್ನಿನಲ್ಲಿ ಮೌನ. ಜಾವಾಸ್ಕ್ರಿಪ್ಟಿನಲ್ಲಿ ಕೈಯಾರೆ ಬರೆದ ವಿಳಾಸಗಳಲ್ಲೇ ಇದು ಹೆಚ್ಚು. ನೆಟ್‌ವರ್ಕ್ ಟ್ಯಾಬಿನಲ್ಲಿ ಪೋಸ್ಟ್, ಅದರ ಬೆನ್ನಿಗೇ ಅದೇ ವಿಳಾಸಕ್ಕೆ ಗೆಟ್ ಎಂದು ಜೋಡಿಯಾಗಿ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಸೆಷನ್ನಿನ ಒಳಗೆ

ಸೆಷನ್ ಮಿಡಲ್‌ವೇರ್ ಹೋಗುವಾಗ ಮಾಡುವ ಕೆಲಸ ಅತಿ ಕಡಿಮೆ. ‘ಸೆಷನ್‌ಐಡಿ’ ಎಂಬ ಕುಕಿಯಲ್ಲಿರುವ (ಕುಕಿ ಎಂದರೆ ಬ್ರೌಸರ್ ಇಟ್ಟುಕೊಂಡು ರಿಕ್ವೆಸ್ಟ್‌ನ ಜೊತೆ ಕಳಿಸುವ ಸಣ್ಣ ಚೀಟಿ) 32 ಅಕ್ಷರಗಳ ಕೀ ಓದಿ, ಒಂದು ಖಾಲಿ ಸೆಷನ್ ಆಬ್ಜೆಕ್ಟಿಗೆ ಅದನ್ನು ಅಂಟಿಸಿ ಮುಂದೆ ಕಳಿಸುತ್ತದೆ. ಡೇಟಾಬೇಸನ್ನು ಮುಟ್ಟುವುದೇ ಇಲ್ಲ. ಯಾರಾದರೂ ಮೊದಲ ಸಲ ಸೆಷನ್ನಿನೊಳಗೆ ಕೈಹಾಕಿದಾಗ ಮಾತ್ರ ಸೆಷನ್ ಟೇಬಲ್ಲಿಗೆ ಕ್ವೆರಿ ಹೋಗುತ್ತದೆ. ನಮ್ಮ ವ್ಯೂ ಲಾಗಿನ್ ಆದವರಿಗಷ್ಟೇ ಮೀಸಲು, ಆ ತಪಾಸಣೆ ‘ರಿಕ್ವೆಸ್ಟ್.ಯೂಸರ್’ ಕೇಳುತ್ತದೆ, ಅದೂ ಸೋಮಾರಿ ಆಬ್ಜೆಕ್ಟೇ. ಲಾಗ್‌ನಲ್ಲಿ ಆ ಕ್ಷಣಕ್ಕೆ ಎರಡು ಕ್ವೆರಿ ಒಟ್ಟಿಗೆ ಬೀಳುತ್ತವೆ: ಒಂದು ಸೆಷನ್ನಿಗೆ, ಕೀ ಹೊಂದಬೇಕು ಮತ್ತು ಅವಧಿ ಮುಗಿದಿರಬಾರದು ಎಂಬ ಷರತ್ತಿನೊಂದಿಗೆ, ಇನ್ನೊಂದು ಬಳಕೆದಾರರ ಸಾಲಿಗೆ.

ಟೇಬಲ್ಲಿನಲ್ಲಿ ಇರುವುದು ಮೂರೇ ಕಾಲಂ: ಕೀ, ಮಾಹಿತಿ, ಅವಧಿ ಮುಗಿಯುವ ಸಮಯ. ಮಾಹಿತಿ ಎಂಬುದು ಇಡೀ ಸೆಷನ್ನನ್ನು ಜೇಸನ್ ಎಂಬ ಪಠ್ಯರೂಪಕ್ಕೆ ತಂದು, ಸಹಿ ಹಾಕಿ ಇಟ್ಟ ಒಂದೇ ಮುದ್ದೆ. ಶೆಲ್ ತೆರೆದು ಆ ಸಾಲಿನ ಮೇಲೆ ‘ಗೆಟ್ ಡೀಕೋಡೆಡ್’ ಮೆಥಡ್ ಕರೆದರೆ ಒಳಗಿರುವುದು ಬಿಚ್ಚಿಕೊಳ್ಳುತ್ತದೆ. ಲಾಗಿನ್ ಆದವರದ್ದಾದರೆ ಮೂರು ನಮೂದು ಇದ್ದೇ ಇರುತ್ತವೆ: ಬಳಕೆದಾರರ ಐಡಿ, ಯಾವ ಬ್ಯಾಕೆಂಡಿನ ಮೂಲಕ ಒಳಬಂದರು, ಮತ್ತು ಅವರ ಪಾಸ್‌ವರ್ಡ್ ಹ್ಯಾಶಿನಿಂದ (ಮೂಲ ಪಾಸ್‌ವರ್ಡ್ ಮರಳಿ ಪಡೆಯಲಾಗದಂತೆ ಕಲಸಿದ ರೂಪ) ಲೆಕ್ಕಹಾಕಿದ ಇನ್ನೊಂದು ಹ್ಯಾಶ್. ಈ ಮೂರನೆಯದು ಇರುವುದರಿಂದಲೇ ಪಾಸ್‌ವರ್ಡ್ ಬದಲಿಸಿದ ಕೂಡಲೇ ಬೇರೆ ಸಾಧನಗಳಲ್ಲಿನ ಸೆಷನ್‌ಗಳೆಲ್ಲ ಸತ್ತುಹೋಗುವುದು. ಪಾಸ್‌ವರ್ಡ್ ಬದಲಿಸುವ ಪುಟವನ್ನು ಸ್ವಂತ ಬರೆದವರು ಈ ಹ್ಯಾಶನ್ನು ನವೀಕರಿಸುವ ಸಾಲನ್ನು ಮರೆತರೆ, ಬದಲಿಸಿದವರೇ ಹೊರಗೆ ಬೀಳುತ್ತಾರೆ.

ಒಂದೇ ಮುದ್ದೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಸೀಟು ಮಾಯವಾಗುವ ದೂರಿನ ಬೇರು ಅಲ್ಲಿದೆ. ನಮ್ಮ ಪುಟದಲ್ಲಿ ಯಾವ ಸೀಟು ಖಾಲಿ ಎಂದು ಐದು ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುವ ಜಾವಾಸ್ಕ್ರಿಪ್ಟ್ ಇದೆ. ಆರಿಸಿದ ಸೀಟನ್ನು ಸೆಷನ್ನಿನಲ್ಲಿ ಬರೆದಿಡಲಾಗುತ್ತದೆ. ‘ಪ್ರತಿ ರಿಕ್ವೆಸ್ಟ್‌ಗೂ ಸೆಷನ್ ಉಳಿಸು’ ಎಂಬ ಸೆಟ್ಟಿಂಗ್ ಆನ್ ಆಗಿದೆ. ಬಳಸುತ್ತಿರುವವರ ಸೆಷನ್ ಅವಧಿ ಮುಂದಕ್ಕೆ ಹೋಗುತ್ತಿರಲಿ ಎಂಬುದು ಅದರ ಉದ್ದೇಶ. ಈಗ ಲಾಗ್ ಓದಿ. ಖಾಲಿ ಸೀಟು ಕೇಳುವ ರಿಕ್ವೆಸ್ಟ್ ಒಂದು ವರ್ಕರಿನಲ್ಲಿ ಸೆಷನ್ ಓದಿಕೊಂಡು, ನಿಧಾನವಾದ ಕ್ವೆರಿಯೊಂದರಲ್ಲಿ ಸಿಕ್ಕಿಕೊಂಡಿದೆ. ಅಷ್ಟರಲ್ಲಿ ಸೀಟು ಆರಿಸುವ ರಿಕ್ವೆಸ್ಟ್ ಇನ್ನೊಂದು ವರ್ಕರಿಗೆ ಬಂದು, ಸೆಷನ್ನಿನಲ್ಲಿ ಸೀಟು ಬರೆದು, ಉಳಿಸಿ ಹೋಗಿದೆ. ಆಮೇಲೆ ಮೊದಲನೆಯದು ಮುಗಿದು, ತಾನು ಓದಿಕೊಂಡಿದ್ದ ಹಳೆಯ ಮುದ್ದೆಯನ್ನೇ ಮೇಲಿಂದ ಬರೆದಿದೆ. ಸೀಟು ಹೋಯಿತು. ಯಾವ ಎರರೂ ಇಲ್ಲ, ಎಲ್ಲ 200.

ಜ್ಯಾಂಗೋ ಸೆಷನ್ನಿಗೆ ಬೀಗ ಹಾಕುವುದಿಲ್ಲ. ಕೊನೆಗೆ ಬರೆದವರದ್ದೇ ಉಳಿಯುತ್ತದೆ. ಪಿಎಚ್‌ಪಿಯ ಫೈಲ್ ಸೆಷನ್ ಇದಕ್ಕೆ ತದ್ವಿರುದ್ಧ: ಸೆಷನ್ ತೆರೆದ ಕೂಡಲೇ ಫೈಲಿಗೆ ಬೀಗ ಬಿದ್ದು, ಅದೇ ಬಳಕೆದಾರರ ಇನ್ನೊಂದು ರಿಕ್ವೆಸ್ಟ್ ಮೊದಲನೆಯದು ಮುಗಿಯುವವರೆಗೆ ಕಾಯುತ್ತದೆ. ಅಲ್ಲಿ ಮಾಹಿತಿ ಕಳೆಯುವುದಿಲ್ಲ, ಪುಟ ನಿಧಾನವಾಗುತ್ತದೆ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ, ಬೀಗವಿಲ್ಲದ ಜಾಗದಲ್ಲಿ ಬೆಲೆಬಾಳುವುದನ್ನು ಇಡದಿರುವುದು ಲೇಸು. ಆರಿಸಿದ ಸೀಟಿಗೆ ಸ್ವಂತ ಟೇಬಲ್ಲಿನಲ್ಲಿ ಒಂದು ಸಾಲು ಕೊಡಿ, ಹಿಡಿದಿಟ್ಟ ಸಮಯವನ್ನೂ ಅದರಲ್ಲೇ ಬರೆಯಿರಿ. ಸೆಷನ್ನಿನಲ್ಲಿ ಭಾಷೆಯ ಆಯ್ಕೆಯಂಥ ಹಗುರ ವಿಷಯ ಇದ್ದರೆ ಸಾಕು. ಪ್ರತಿ ಸಲ ಉಳಿಸುವ ಸೆಟ್ಟಿಂಗನ್ನಂತೂ ತೆಗೆದುಬಿಡಿ: ಐದು ಸೆಕೆಂಡಿಗೊಮ್ಮೆ ಒಂದು ಅಪ್‌ಡೇಟ್ ಕ್ವೆರಿ ಸುಮ್ಮನೆ ಓಡುವುದಲ್ಲದೆ, ಟ್ಯಾಬ್ ತೆರೆದಿಟ್ಟು ಎದ್ದುಹೋದವರ ಸೆಷನ್ ಎಂದೂ ಮುಗಿಯದಂತಾಗುತ್ತದೆ.

ಆ ಸೆಟ್ಟಿಂಗ್ ತೆಗೆದ ಮರುದಿನ ಇನ್ನೊಂದು ಹಳೆಯ ದೋಷ ಮೇಲೆ ಬರುವುದುಂಟು, ಅಷ್ಟು ದಿನ ಅದು ಸೆಟ್ಟಿಂಗಿನ ಮರೆಯಲ್ಲಿ ಅಡಗಿತ್ತು. ಸೆಷನ್ ಬದಲಾಗಿದೆ ಎಂದು ಜ್ಯಾಂಗೋಗೆ ತಿಳಿಯುವುದು ಸೆಷನ್ನಿನ ಮೇಲ್ಮಟ್ಟದ ಕೀಗೆ ಏನಾದರೂ ಬರೆದಾಗ, ಅಥವಾ ಅಂಥ ಕೀ ಅಳಿಸಿದಾಗ. ಸೆಷನ್ನಿನೊಳಗಿನ ‘ಸೀಟುಗಳು’ ಎಂಬ ಪಟ್ಟಿಗೆ ಒಂದು ಸಂಖ್ಯೆ ಸೇರಿಸಿದರೆ ಪಟ್ಟಿ ಬದಲಾಯಿತೇ ಹೊರತು ಕೀ ಬದಲಾಗಲಿಲ್ಲ. ‘ಮಾಡಿಫೈಡ್’ ಬಾವುಟ ಏಳುವುದಿಲ್ಲ, ಉಳಿಸುವ ಕೆಲಸ ನಡೆಯುವುದಿಲ್ಲ. ಪಟ್ಟಿಯನ್ನು ಹೊಸದಾಗಿ ಕಟ್ಟಿ ಅದೇ ಕೀಗೆ ಮತ್ತೆ ಕೊಡಿ, ಇಲ್ಲವೇ ಬಾವುಟವನ್ನು ಕೈಯಾರೆ ಏರಿಸಿ. ಇದರ ಜೊತೆಗಿರುವುದು ಜೇಸನ್ ತಂದಿಡುವ ಕಿರಿಕಿರಿ: 42 ಎಂಬ ಅಂಕೆಯನ್ನು ಡಿಕ್ಷನರಿಯ ಕೀ ಮಾಡಿ ಇಟ್ಟರೆ ಮುಂದಿನ ರಿಕ್ವೆಸ್ಟ್‌ನಲ್ಲಿ ಅದು ಅಕ್ಷರರೂಪದ 42 ಆಗಿ ವಾಪಸು ಬರುತ್ತದೆ. ಒಂದೇ ರಿಕ್ವೆಸ್ಟ್‌ನೊಳಗೆ ಪರೀಕ್ಷಿಸಿದವರಿಗೆ ಎಲ್ಲ ಸರಿ ಕಾಣುತ್ತದೆ.

ಲಾಗಿನ್ ಮತ್ತೆ ಲಾಗಿನ್

ಪಾಸ್‌ವರ್ಡ್ ತಾಳೆ ನೋಡುವುದು ಬೇಕೆಂದೇ ನಿಧಾನ. ಜ್ಯಾಂಗೋ 4.2ರಲ್ಲಿ ಪಿಬಿಕೆಡಿಎಫ್2 ಹ್ಯಾಶಿನ ಸುತ್ತು 6,00,000, 5.2ರಲ್ಲಿ 10,00,000. ಬಳಕೆದಾರರ ಹೆಸರೇ ಇಲ್ಲದಿದ್ದರೂ ಒಂದು ಸಲ ಹ್ಯಾಶ್ ನಡೆಸಿಯೇ ‘ಇಲ್ಲ’ ಎನ್ನುತ್ತದೆ, ಉತ್ತರ ಬರಲು ಹಿಡಿದ ಸಮಯ ಅಳೆದು ಖಾತೆ ಇದೆಯೋ ಇಲ್ಲವೋ ಎಂದು ಯಾರೂ ಊಹಿಸಬಾರದೆಂದು. ತಾಳೆಯಾದ ಮೇಲೆ ಸೆಷನ್ನಿನ ಕೀ ಬದಲಾಗುತ್ತದೆ: ಅನಾಮಧೇಯ ಸೆಷನ್ನಿನ ಮಾಹಿತಿ ಹೊಸ ಕೀ ಅಡಿಯಲ್ಲಿ ಹೋಗಿ ಕೂರುತ್ತದೆ, ಹಳೆಯ ಸಾಲು ಅಳಿಯುತ್ತದೆ. ಲಾಗಿನ್‌ಗೆ ಮುಂಚೆಯೇ ಯಾರಾದರೂ ಕೀ ಕದ್ದಿಟ್ಟುಕೊಂಡಿದ್ದರೆ ಅದು ಈಗ ಉಪಯೋಗಕ್ಕೆ ಬಾರದು. ಬೇರೊಬ್ಬರ ಖಾತೆ ಆಗಲೇ ತೆರೆದಿದ್ದ ಬ್ರೌಸರಾದರೆ ಮಾಹಿತಿ ಸಾಗಿಸುವ ಮಾತೇ ಇಲ್ಲ, ಪೂರ್ತಿ ತೊಳೆದು ಹೊಸದು. ಲಾಗೌಟ್‌ನಲ್ಲೂ ಅಷ್ಟೆ.

ಲಾಗಿನ್ ಆದರೂ ಮತ್ತೆ ಲಾಗಿನ್ ಪುಟ ಬರುತ್ತದೆ ಎಂಬ ದೂರಿಗೆ ತಲೆಬಿಸಿ ಬೇಡ, ನೆಟ್‌ವರ್ಕ್ ಟ್ಯಾಬಿನಲ್ಲಿ ಎರಡು ಪ್ರಶ್ನೆ ಕೇಳಿ. ಲಾಗಿನ್ ಪೋಸ್ಟಿನ ಉತ್ತರದಲ್ಲಿ ಸೆಷನ್ ಕುಕಿ ಕೊಡುವ ಹೆಡರ್ ಇದೆಯೇ? ಸರಿಯಾಗಿದ್ದರೆ ಅದರಲ್ಲಿ 12,09,600 ಸೆಕೆಂಡ್, ಅಂದರೆ ಎರಡು ವಾರದ ಆಯುಷ್ಯ, ‘ಎಚ್‌ಟಿಟಿಪಿ ಓನ್ಲಿ’, ‘ಸೇಮ್‌ಸೈಟ್ ಲ್ಯಾಕ್ಸ್’ ಎಲ್ಲ ಕಾಣುತ್ತವೆ. ಎರಡನೆಯ ಪ್ರಶ್ನೆ: ಮುಂದಿನ ರಿಕ್ವೆಸ್ಟ್‌ನಲ್ಲಿ ಬ್ರೌಸರ್ ಆ ಕುಕಿಯನ್ನು ಕಳಿಸಿದೆಯೇ? ಕೊಟ್ಟಿದ್ದಾರೆ, ಆದರೆ ಕಳಿಸಿಲ್ಲ ಎಂದಾದರೆ ಕುಕಿಯ ಗುಣಗಳಲ್ಲೇ ದೋಷ: ‘ಸೆಕ್ಯೂರ್’ ಎಂದು ಗುರುತಿಸಿ ಬರೀ ಎಚ್‌ಟಿಟಿಪಿಯಲ್ಲಿ ಪರೀಕ್ಷಿಸುತ್ತಿರುವುದು, ಇಲ್ಲವೇ ಡೊಮೈನ್ ತಪ್ಪು.

ಕುಕಿ ಬಂದಿದೆ, ಆದರೂ ಜ್ಯಾಂಗೋ ಗುರುತು ಹಿಡಿಯುತ್ತಿಲ್ಲ ಎಂದಾದರೆ ಸರ್ವರ್ ಕಡೆ ತಿರುಗಿ. ನಮ್ಮ ಮಿಡಲ್‌ವೇರ್ ಮುದ್ರಿಸುವ ಪ್ರೋಸೆಸ್ ಸಂಖ್ಯೆ ಕೆಲಸಕ್ಕೆ ಬರುವುದು ಈಗ. ಪುಟ ರೀಫ್ರೆಶ್ ಮಾಡುತ್ತ ಹೋದಂತೆ ಒಮ್ಮೆ ಒಳಗೆ, ಒಮ್ಮೆ ಹೊರಗೆ ಎಂದಾಗುತ್ತಿದ್ದು, ಒಳಗೆ ಬಿಡುವ ಪ್ರೋಸೆಸ್ ಪ್ರತಿ ಸಲವೂ ಒಂದೇ ಆಗಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಸೆಷನ್ನನ್ನು ಕ್ಯಾಶಿನಲ್ಲಿಟ್ಟು (ಬೇಗ ಸಿಗಲೆಂದು ಇಡುವ ತಾತ್ಕಾಲಿಕ ಸಂಗ್ರಹ), ಕ್ಯಾಶ್ ಮಾತ್ರ ಲೋಕಲ್ ಮೆಮೊರಿಯದಾಗಿದ್ದರೆ, ಅದು ಪ್ರತಿ ಪ್ರೋಸೆಸಿಗೂ ಬೇರೆ ಬೇರೆ. ಲಾಗಿನ್ ಆದದ್ದು ಒಂದಕ್ಕಷ್ಟೇ ಗೊತ್ತು. ಇಲ್ಲವೇ ಸಹಿ ಹಾಕಲು ಬಳಸುವ ಸೀಕ್ರೆಟ್ ಕೀಯನ್ನು ಸೆಟ್ಟಿಂಗ್ಸ್ ಫೈಲಿನಲ್ಲಿ ರ‍್ಯಾಂಡಮ್ ಆಗಿ ಹುಟ್ಟಿಸುವ ಸಾಲು ಇದೆ. ಪ್ರತಿ ವರ್ಕರ್ ಸೆಟ್ಟಿಂಗ್ಸನ್ನು ತಾನೇ ಓದಿ ತನ್ನದೇ ಕೀ ತಯಾರಿಸಿಕೊಳ್ಳುತ್ತದೆ, ಒಬ್ಬರ ಸಹಿ ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ಸಹಿ ಹೊಂದದ ಸೆಷನ್ನನ್ನು ಜ್ಯಾಂಗೋ ಎರರ್ ಎಸೆಯದೆ ಖಾಲಿ ಎಂದು ಪರಿಗಣಿಸಿ, ‘ಸೆಷನ್ ಡೇಟಾ ಕರಪ್ಟೆಡ್’ ಎಂದು ಸೆಕ್ಯುರಿಟಿ ಲಾಗರಿಗೆ ಒಂದು ಸಾಲು ಹಾಕಿ ಸುಮ್ಮನಾಗುತ್ತದೆ. ಆ ಸಾಲನ್ನು ನೋಡುವವರು ಕಡಿಮೆ. ಕೀಯನ್ನು ನಿಜಕ್ಕೂ ಬದಲಿಸಬೇಕಾಗಿ ಬಂದಾಗ, ಹಳೆಯದನ್ನು ‘ಸೀಕ್ರೆಟ್ ಕೀ ಫಾಲ್‌ಬ್ಯಾಕ್ಸ್’ ಪಟ್ಟಿಯಲ್ಲಿ ಇಡುವ ಅನುಕೂಲ 4.1ರಿಂದ ಇದೆ.

ಪೋಸ್ಟ್ ಒಳಹೊಕ್ಕ ಮೇಲೆ

ವಿಳಾಸ ಯಾವ ವ್ಯೂಗೆ ಸೇರಿದ್ದು ಎಂದು ಗೊತ್ತಾದ ಮೇಲೆ, ವ್ಯೂ ಕರೆಯುವ ಮುಂಚೆ, ಸಿಎಸ್‌ಆರ್‌ಎಫ್ ತಪಾಸಣೆ. ಗೆಟ್, ಹೆಡ್, ಆಪ್ಷನ್ಸ್, ಟ್ರೇಸ್ ರಿಕ್ವೆಸ್ಟ್‌ಗಳಿಗೆ ಇದು ಇಲ್ಲ. ಕುಕಿಯಲ್ಲಿ 32 ಅಕ್ಷರದ ಗುಟ್ಟು. ಫಾರ್ಮಿನ ಅಡಗಿಸಿಟ್ಟ ಫೀಲ್ಡಿನಲ್ಲಿ ಅದೇ ಗುಟ್ಟಿಗೆ ಮುಸುಕು ಹಾಕಿದ 64 ಅಕ್ಷರ. ಪ್ರತಿ ಸಲ ಪುಟ ತೆರೆದಾಗ ಮುಸುಕು ಬದಲಾಗುವುದರಿಂದ ಎರಡೂ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತವೆ. ಹೊಂದುತ್ತಿಲ್ಲ ಎಂದು ಗಾಬರಿಯಾಗಬೇಕಿಲ್ಲ. ಒಮ್ಮೊಮ್ಮೆ ಬರುವ 403ರ ಮೂಲ ಹೆಚ್ಚಾಗಿ ಲಾಗಿನ್‌ನಲ್ಲಿರುತ್ತದೆ. ಲಾಗಿನ್ ಆದಾಗ ಈ ಗುಟ್ಟು ಕೂಡ ಬದಲಾಗುತ್ತದೆ. ಎರಡು ಟ್ಯಾಬ್ ತೆರೆದು, ಒಂದರಲ್ಲಿ ಸೀಟಿನ ಪುಟ ಇಟ್ಟುಕೊಂಡು, ಇನ್ನೊಂದರಲ್ಲಿ ಲಾಗಿನ್ ಆಗಿ, ಮೊದಲ ಟ್ಯಾಬಿಗೆ ಮರಳಿ ಬಟನ್ ಒತ್ತಿದರೆ ಆ ಫಾರ್ಮಿನ ಟೋಕನ್ ಹಳತು: 403. ಬ್ಯಾಕ್ ಬಟನ್ನಿನಿಂದ ಹಳೆಯ ಪುಟಕ್ಕೆ ಹೋದವರಿಗೂ ಇದೇ ಗತಿ. ಇದು ದೋಷವಲ್ಲ, ರಕ್ಷಣೆ ಮಾಡಬೇಕಾದ್ದನ್ನೇ ಮಾಡುತ್ತಿದೆ. ‘ಪುಟ ಹಳೆಯದಾಗಿದೆ, ಮತ್ತೆ ತೆರೆಯಿರಿ’ ಎಂದು ಹೇಳುವ ಸ್ವಂತ 403 ಪುಟ ಕೊಡುವುದೇ ಪರಿಹಾರ.

ಎಲ್ಲರಿಗೂ, ಎಲ್ಲ ಪೋಸ್ಟಿಗೂ 403 ಎಂದಾದರೆ ಕಥೆ ಬೇರೆ. 4.0ರಿಂದ ಜ್ಯಾಂಗೋ ಆರಿಜಿನ್ ಹೆಡರನ್ನೂ (ರಿಕ್ವೆಸ್ಟ್ ಯಾವ ತಾಣದಿಂದ ಹೊರಟಿತು ಎಂಬುದು) ನೋಡುತ್ತದೆ. ಬ್ರೌಸರ್ ಕಳಿಸುವುದು ಎಚ್‌ಟಿಟಿಪಿಎಸ್ ಆರಿಜಿನ್. ಎಂಜಿನ್‌ಎಕ್ಸ್ ಹೇಳದೇ ಇದ್ದ ಕಾರಣ ಜ್ಯಾಂಗೋ ತನ್ನನ್ನು ತಾನು ಎಚ್‌ಟಿಟಿಪಿ ಎಂದುಕೊಂಡಿದೆ. ಎರಡೂ ಹೊಂದುವುದಿಲ್ಲ. ಹೊರಬಾಗಿಲಲ್ಲಿ ಬಿಟ್ಟುಬಂದ ಆ ಹೆಡರಿನ ಎರಡನೆಯ ಪೆಟ್ಟು ಇದು. ‘ಟ್ರಸ್ಟೆಡ್ ಆರಿಜಿನ್ಸ್’ ಪಟ್ಟಿಗೆ ಹೆಸರು ಸೇರಿಸಿ ತೇಪೆ ಹಾಕುವವರಿದ್ದಾರೆ. ಅದರಿಂದ 403 ನಿಲ್ಲುತ್ತದೆ, ಆದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಜ್ಯಾಂಗೋದ ತಪ್ಪು ತಿಳಿವಳಿಕೆ ಹಾಗೇ ಉಳಿಯುತ್ತದೆ.

ವ್ಯೂ ಒಳಗೆ ಬಂದಾಯಿತು. ಫಾರ್ಮ್ ತಪಾಸಣೆಯಲ್ಲಿ ಹೇಳಬೇಕಾದದ್ದು ಒಂದೇ: ಅಡಗಿಸಿಟ್ಟ ಫೀಲ್ಡ್ ಅಡಗಿರುವುದು ಕಣ್ಣಿಗೆ ಮಾತ್ರ. ಸೀಟಿನ ಐಡಿಯನ್ನು ಅಲ್ಲಿಂದ ತೆಗೆದುಕೊಳ್ಳಬಹುದು, ದರವನ್ನು ತೆಗೆದುಕೊಳ್ಳಬಾರದು; ರದ್ದು ಮಾಡುವಾಗ ಬುಕಿಂಗನ್ನು ಐಡಿಯ ಜೊತೆ ಬಳಕೆದಾರರನ್ನೂ ಸೇರಿಸಿಯೇ ಹುಡುಕಬೇಕು, ಇಲ್ಲದಿದ್ದರೆ ವಿಳಾಸದ ಅಂಕೆ ಬದಲಿಸಿ ಯಾರು ಯಾರದ್ದನ್ನಾದರೂ ರದ್ದು ಮಾಡಬಹುದು.

ಒಂದೇ ಸೀಟಿಗೆ ಇಬ್ಬರ ಹೆಸರು ಬೀಳುವುದು ಮಾತ್ರ ನಿಜಕ್ಕೂ ವ್ಯೂನ ತಪ್ಪು. ‘ಈ ಸೀಟು ಹೋಗಿದೆಯೇ’ ಎಂದು ಕೇಳಿ, ಇಲ್ಲ ಎಂದರೆ ಸೇರಿಸುವ ಎರಡು ಹೆಜ್ಜೆಯ ನಡುವೆ ಇನ್ನೊಂದು ವರ್ಕರ್ ಅದನ್ನೇ ಕೇಳಿ ‘ಇಲ್ಲ’ ಎಂಬ ಉತ್ತರವನ್ನೇ ಪಡೆದಿರುತ್ತದೆ. ಒಬ್ಬರೇ ಬಟನ್ನನ್ನು ಎರಡು ಸಲ ಒತ್ತಿದರೂ ಹೀಗಾಗುತ್ತದೆ. ಬಟನ್ನನ್ನು ಜಾವಾಸ್ಕ್ರಿಪ್ಟಿನಿಂದ ನಿಷ್ಕ್ರಿಯಗೊಳಿಸುವುದು ಮೇಲುಮೇಲಿನ ಉಪಾಯ. ನಿಷ್ಕ್ರಿಯ ಬಟನ್ನಿನ ಹೆಸರು ಮತ್ತು ಮೌಲ್ಯ ಸರ್ವರಿಗೆ ಹೋಗುವುದಿಲ್ಲವಾದ್ದರಿಂದ, ಯಾವ ಬಟನ್ ಒತ್ತಿದರು ಎಂದು ನೋಡುವ ವ್ಯೂ ಕೈಕೊಡುವುದೂ ಉಂಟು. ಗಟ್ಟಿ ಪರಿಹಾರ ಡೇಟಾಬೇಸಿನಲ್ಲೇ ಇದೆ: ಕಾರ್ಯಕ್ರಮ ಮತ್ತು ಸೀಟು ಜೋಡಿಯ ಮೇಲೆ ಯೂನಿಕ್ ನಿರ್ಬಂಧ (ಒಂದೇ ಜೋಡಿ ಎರಡು ಸಲ ಸೇರದಂತೆ) ಹಾಕಿ, ನೇರವಾಗಿ ಸೇರಿಸಲು ಹೋಗಿ, ಇಂಟೆಗ್ರಿಟಿ ಎರರ್ ಬಂದರೆ ‘ಸೀಟು ಹೋಗಿದೆ’ ಎನ್ನಿ. ಸೇರಿಸುವ ಸಾಲನ್ನು ಅದರದ್ದೇ ಅಟಾಮಿಕ್ ಬ್ಲಾಕಿನೊಳಗೆ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಎಂಬ ಟ್ರಾನ್ಸಾಕ್ಷನ್) ಇಡಿ, ಎರರ್ ಹಿಡಿಯುವುದು ಆ ಬ್ಲಾಕಿನ ಹೊರಗೆ. ಉಲ್ಟಾ ಮಾಡಿದರೆ ಪೋಸ್ಟ್‌ಗ್ರೆಸ್ ಆ ಟ್ರಾನ್ಸಾಕ್ಷನ್ನನ್ನೇ ಕೆಟ್ಟದ್ದೆಂದು ಬದಿಗಿಟ್ಟು, ಮುಂದಿನ ಪ್ರತಿ ಕ್ವೆರಿಯನ್ನೂ ತಿರಸ್ಕರಿಸುತ್ತದೆ.

ಮರಳುವ ದಾರಿ

ಸೀಟು ಸೇರಿಸಿ, ಸೆಷನ್ನಿನಿಂದ ಆಯ್ಕೆಯನ್ನು ಅಳಿಸಿ, ದೃಢೀಕರಣದ ಮೇಲ್ ಕಳಿಸುವ ಸಾಲಿನಲ್ಲಿ ಮೇಲ್ ಸರ್ವರ್ ಉತ್ತರಿಸದೆ ಎರರ್ ಬಂತು ಎಂದುಕೊಳ್ಳಿ. ಬಳಕೆದಾರರಿಗೆ ಕಂಡದ್ದು 500. ಒಳಗೆ ಆದದ್ದೇನು? ಜ್ಯಾಂಗೋ ತಾನಾಗಿ ಇಡೀ ವ್ಯೂವನ್ನು ಒಂದು ಟ್ರಾನ್ಸಾಕ್ಷನ್ ಮಾಡುವುದಿಲ್ಲ. ಪ್ರತಿ ಕ್ವೆರಿ ಆಗಿಂದಾಗಲೇ ಕಮಿಟ್. ಹಾಗಾಗಿ ಬುಕಿಂಗ್ ಉಳಿದಿದೆ. ಸೆಷನ್ ಮಿಡಲ್‌ವೇರ್ ಮಾತ್ರ 500 ಆದ ಉತ್ತರಕ್ಕೆ ಸೆಷನ್ ಉಳಿಸುವುದಿಲ್ಲ, ಹಾಗಾಗಿ ಅಳಿಸಿದ ಆಯ್ಕೆ ವಾಪಸು ಬಂದಿದೆ. ಪುಟ ಮತ್ತೆ ತೆರೆದವರಿಗೆ ಆರಿಸಿದ ಸೀಟು ಹಾಗೇ ಇದೆ, ಒತ್ತಿದರೆ ‘ಸೀಟು ಹೋಗಿದೆ’. ಹೋಗಿರುವುದು ಅವರಿಗೇ! ‘ಅಟಾಮಿಕ್ ರಿಕ್ವೆಸ್ಟ್ಸ್’ ಆನ್ ಮಾಡಿದರೆ ವ್ಯೂ ಪೂರ್ತಿ ಒಂದು ಟ್ರಾನ್ಸಾಕ್ಷನ್ ಆಗಿ ಬುಕಿಂಗ್ ಕೂಡ ಹಿಂದೆ ಸರಿಯುತ್ತದೆ. ಆದರೆ ಮೇಲ್ ಹೋದ ಮೇಲೆ ಎರರ್ ಬಂದರೆ ಇಲ್ಲದ ಬುಕಿಂಗಿಗೆ ಮೇಲ್ ಹೋಗಿರುತ್ತದೆ. ಮೇಲ್ ಕಳಿಸುವುದನ್ನು ‘ಆನ್ ಕಮಿಟ್’ಗೆ ತಳ್ಳಿ, ಅದರಲ್ಲಿ ಎರರ್ ಬಂದರೂ ಉತ್ತರ ಕೆಡದಂತೆ ಹಿಡಿದು ಲಾಗ್ ಮಾಡುವುದು ನೇರ ದಾರಿ. ಮಿಡಲ್‌ವೇರ್‌ಗಳು ಆ ಟ್ರಾನ್ಸಾಕ್ಷನ್ನಿನ ಹೊರಗಿರುತ್ತವೆ ಎಂಬುದನ್ನೂ ಗಮನಿಸಿ. ಸೆಷನ್ ಉಳಿಯುವುದು ಬೇರೆ ಟ್ರಾನ್ಸಾಕ್ಷನ್ನಿನಲ್ಲಿ.

ಎಲ್ಲ ಸರಿಯಾದರೆ ವ್ಯೂ ಪುಟವನ್ನು ನೇರ ಕೊಡದೆ 302, ಅಂದರೆ ರೀಡೈರೆಕ್ಟ್, ಕೊಡಬೇಕು. ಪೋಸ್ಟಿಗೆ 200 ಕೊಟ್ಟರೆ, ಬಳಕೆದಾರರು ರೀಫ್ರೆಶ್ ಒತ್ತಿದಾಗ ಅದೇ ಪೋಸ್ಟ್ ಮತ್ತೊಮ್ಮೆ ಹೊರಡುತ್ತದೆ. ‘ಸೀಟು ಕಾಯ್ದಿರಿಸಲಾಗಿದೆ’ ಎಂಬ ಸಂದೇಶ ರೀಡೈರೆಕ್ಟ್ ದಾಟಿ ಮುಂದಿನ ಪುಟ ತಲುಪಲು ಮೆಸೇಜಸ್ ಮಿಡಲ್‌ವೇರ್ ಅದನ್ನು ಕುಕಿಯಲ್ಲಿಡುತ್ತದೆ. 2,048 ಬೈಟ್ ಮೀರಿದ ಭಾಗ ಮಾತ್ರ ಸೆಷನ್ನಿಗೆ. ಯಾವ ಟ್ಯಾಬ್ ಮೊದಲು ತೆರೆಯುತ್ತದೋ ಅದರಲ್ಲಿ ಸಂದೇಶ ಕಾಣುತ್ತದೆ, ಒಮ್ಮೊಮ್ಮೆ ಬೇರೆ ಟ್ಯಾಬಿನಲ್ಲಿ.

ಸೆಷನ್ ಮಿಡಲ್‌ವೇರ್ ಕೊನೆಗೆ ‘ಮಾಡಿಫೈಡ್’ ಬಾವುಟ ನೋಡಿ ಅಪ್‌ಡೇಟ್ ಕ್ವೆರಿ ಓಡಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಟ್ಯಾಬಿನಲ್ಲಿ ಲಾಗೌಟ್ ಒತ್ತಿ ಆ ಸಾಲೇ ಅಳಿದಿದ್ದರೆ, ಹೊಸ ಸಾಲು ಹುಟ್ಟಿಸದೆ 400 ಕೊಡುತ್ತದೆ. ಸೆಷನ್ ಬಳಸಿದ ಉತ್ತರಕ್ಕೆ ‘ವೇರಿ: ಕುಕಿ’ ಎಂಬ ಹೆಡರನ್ನೂ ಸೇರಿಸುತ್ತದೆ, ಒಬ್ಬರ ಪುಟವನ್ನು ನಡುವಿನ ಕ್ಯಾಶ್ ಇನ್ನೊಬ್ಬರಿಗೆ ಕೊಡದಿರಲೆಂದು.

ಹಣ ಪಾವತಿ ಇರುವ ಕಡೆ ಈ ದಾರಿಗೆ ಒಂದು ಅಡ್ಡದಾರಿ ಕೂಡಿಕೊಳ್ಳುತ್ತದೆ. ಪಾವತಿ ತಾಣ ಬಳಕೆದಾರರ ಬ್ರೌಸರಿನ ಮೂಲಕ ನಮ್ಮ ವಿಳಾಸಕ್ಕೆ ಪೋಸ್ಟ್ ಮಾಡಿದರೆ, ಅದು ಬೇರೆ ತಾಣದಿಂದ ಬಂದ ಪೋಸ್ಟ್. ‘ಸೇಮ್‌ಸೈಟ್ ಲ್ಯಾಕ್ಸ್’ ಕುಕಿ ಅದರ ಜೊತೆ ಬರುವುದಿಲ್ಲ, ಲಾಗಿನ್ ಆಗಿದ್ದವರೂ ಆ ವ್ಯೂಗೆ ಅನಾಮಧೇಯರು. ಅಲ್ಲಿ ಸೆಷನ್ನಿಗೆ ಏನಾದರೂ ಬರೆದರೆ ಹೊಸ ಸೆಷನ್ ಹುಟ್ಟಿ, ಅದರ ಕುಕಿ ಹಳೆಯದರ ಮೇಲೆ ಕೂತು, ಹಣ ಕೊಟ್ಟ ಮರುಕ್ಷಣ ಬಳಕೆದಾರರು ಹೊರಗೆ ಬೀಳುತ್ತಾರೆ. ಆ ವ್ಯೂಗೆ ಸಿಎಸ್‌ಆರ್‌ಎಫ್ ವಿನಾಯಿತಿ ಕೊಟ್ಟು, ಪಾವತಿ ತಾಣದ ಸಹಿ ಪರಿಶೀಲಿಸಿ, ಆರ್ಡರನ್ನು ಅದರ ಸಂಖ್ಯೆಯಿಂದ ಹುಡುಕಿ, ಸೆಷನ್ನನ್ನು ಮುಟ್ಟದೆ, ನಮ್ಮದೇ ಪುಟಕ್ಕೆ ರೀಡೈರೆಕ್ಟ್ ಮಾಡಿ. ಆ ಗೆಟ್ ರಿಕ್ವೆಸ್ಟ್‌ನ ಜೊತೆ ಹಳೆಯ ಕುಕಿ ಬರುತ್ತದೆ.

ಸರಿಯಾಗಿ ನಡೆದ ಒಂದು ಕ್ಲಿಕ್ಕಿನ ಲಾಗ್‌ನಲ್ಲಿ ಹೀಗಿರುತ್ತದೆ: ಸೆಷನ್ ಓದು, ಬಳಕೆದಾರರನ್ನು ಓದು, ಸೀಟು ಓದು, ಅಟಾಮಿಕ್ ಬ್ಲಾಕಿನೊಳಗೆ ಬುಕಿಂಗ್ ಸೇರಿಸು, ಬೇಕಿದ್ದರೆ ಸೆಷನ್ ಅಪ್‌ಡೇಟ್, 302, ಆಮೇಲೆ ಹೊಸ ಗೆಟ್‌ಗೆ ಮತ್ತೆ ಮೊದಲ ಎರಡು ಕ್ವೆರಿ. ಅವಧಿ ಮುಗಿದ ಸೆಷನ್‌ಗಳನ್ನು ಜ್ಯಾಂಗೋ ತಾನಾಗಿ ಅಳಿಸುವುದಿಲ್ಲ; ‘ಕ್ಲಿಯರ್‌ಸೆಷನ್ಸ್’ ಕಮಾಂಡನ್ನು ದಿನಕ್ಕೊಮ್ಮೆ, ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್‌ನಲ್ಲಿ, ಓಡಿಸಿ.